ನೀರಿನಲ್ಲಿ ಉಳಿದ ಮುಖ

ಕೆರೆಯ ಮೀನುಗಳೆಲ್ಲ ಸತ್ತು ತೇಲುತ್ತಿದ್ದವು. ಆದರೂ ಊರಿನವರು ಯಾರೂ ನೀರಿಗೆ ಬಗ್ಗಿ ನೋಡಿರಲಿಲ್ಲ. ಕೊನೆಯದಾಗಿ ಇಣುಕಿದವರ ಮುಖವನ್ನು ನೀರು ಉಳಿಸಿಕೊಳ್ಳುತ್ತದೆ, ತನಿಖೆಯವರು ಬರುವ ತನಕ ಅದನ್ನು ಕೆಡಿಸಬಾರದು ಎಂಬುದು ಮಕ್ಕಳಿಗೂ ಗೊತ್ತು.

ಕೇಂದ್ರ ಜಲರಕ್ಷಣಾ ದಳದ ತನಿಖಾಧಿಕಾರಿ ಜುಬೇದಾ ಎಂದಿನಂತೆ ನೀರಿಗೆ ಬೆನ್ನು ಮಾಡಿ ಕೂತು, ಕೈಗನ್ನಡಿಯನ್ನು ಭುಜದ ಮೇಲೆತ್ತಿ ಹಿಡಿದಳು. ವಿಷ ಸುರಿದವನು ಕಂಡ. ಟ್ಯಾಂಕರ್ ಡ್ರೈವರ್, ಕೊರಳಲ್ಲಿ ಟವೆಲ್, ನಿದ್ದೆಗೆಟ್ಟ ಕಣ್ಣು. ಹೋದ ಸಲ ಸಿಕ್ಕವನೂ ಇಂಥವನೇ, ಅದರ ಹಿಂದಿನ ಸಲವೂ.

"ಸಿಕ್ಕಿದ್ನಾ ಮೇಡಂ?" ಮೀನುಗಾರ ಮುನಿಯಲ್ಲಪ್ಪ ದೂರದಿಂದಲೇ ಕೇಳಿದ.

"ಸಿಕ್ಕಿದ."

ಮುಖ ಸಿಕ್ಕಿತೆಂದರೆ ಕೇಸು ಮುಗಿಯಿತು. ದಳದ ನಿಯಮ ಅಷ್ಟೇ. ಟ್ಯಾಂಕರ್ ಕಳಿಸುವವರು ಯಾವತ್ತೂ ಕೆರೆಯ ಹತ್ತಿರ ಸುಳಿಯುವುದಿಲ್ಲ.

ಜುಬೇದಾ ಕನ್ನಡಿಯನ್ನು ಚೀಲಕ್ಕೆ ಹಾಕಿದಳು. ಆಮೇಲೆ ತಿರುಗಿ ಕೂತು, ನೀರಿಗೆ ಬಗ್ಗಿ ನಿಧಾನವಾಗಿ ನೋಡಿದಳು.

"ಅಳಿಸಿಬಿಟ್ರಲ್ಲ ಮೇಡಂ. ಇನ್ನು ಅದ್ರಲ್ಲಿ ನಿಮ್ಮ ಮುಖಾನೇ ಇರ್ತದೆ."

"ಇರ್ಲಿ ಬಿಡಿ. ಅವನ ಮುಖ ಇಲ್ದಿದ್ರೆ ಕೇಸು ಮುಚ್ಚೋ ಹಾಗಿಲ್ಲ. ಟ್ಯಾಂಕರ್ ಎಲ್ಲಿಂದ ಬಂತು ಅಂತ ಹುಡುಕ್ಕೊಂಡು ಹೋಗ್ಲೇಬೇಕು." ಅವಳು ಎದ್ದು ಸೆರಗು ಕೊಡವಿದಳು. "ಟೈರಿನ ಗುರುತು ಎಲ್ಲಿದೆ, ತೋರಿಸಿ ಬನ್ನಿ."