ಆಯಿಲಿಗೆ ಇಳಿದ ನೀರು

ಮೆಕ್ಯಾನಿಕ್ ಲಾರೆನ್ಸ್ ಹಳೇ ಟ್ರಾಕ್ಟರಿನ ಇಂಜಿನ್ ತಳದ ನಟ್ಟು ಬಿಚ್ಚಿದಾಗ ಬೋಗುಣಿಗೆ ಸುರಿದದ್ದು ಕಪ್ಪು ಆಯಿಲಲ್ಲ, ಹಾಲು ಬೆರೆಸಿದ ಕಾಫಿಯಂಥ ನೊರೆ. "ರೇಡಿಯೇಟರ್ ನೀರು ಪೂರಾ ಆಯಿಲಿಗೆ ಇಳಿದಿದೆ," ಎಂದ.

"ನೀರು ನೋಡದೆ ಓಡಿಸಿದ್ದೀಯ ಮಾರಾಯ! ನಾಳೆಯೇ ನಾನು ಕೊಟ್ಟ ಲೈನ್ ಮನೆ ಖಾಲಿ ಮಾಡು," ಎಂದು ಯಜಮಾನ ಶಾಂತವೀರಪ್ಪನವರು ಡ್ರೈವರ್ ಬೋರಯ್ಯನ ಮೇಲೆ ಹರಿಹಾಯ್ದರು.

"ದಿನಾ ನೋಡ್ತೀನಿ ಅಯ್ಯಾ."

ಲಾರೆನ್ಸ್ ಇಂಜಿನ್ ಮೇಲಿನ ಹೆಡ್ ಬಿಚ್ಚಿ ಎತ್ತಿ, ನೀರಿನ ತೂತುಗಳಿಂದ ಹಳದಿ ಕೆಸರು ಕೆರೆದು ಮೂಸಿ ನಕ್ಕ. "ಅರಿಶಿನ! ರೇಡಿಯೇಟರ್ ಸೋರೋದು ನಿಲ್ಲಲಿ ಅಂತ ಯಾರೋ ಡಬ್ಬಿಯನ್ನೇ ಸುರಿದಿದ್ದಾರೆ. ಸಾರು ಮಾಡೋಕೆ ಹೊರಟಿದ್ರೇನೋ! ನೀರಿನ ದಾರಿ ಕಟ್ಟಿ, ಇಂಜಿನ್ ಕಾದು, ನೀರು ಆಯಿಲಿಗೆ ಸೇರದ ಹಾಗೆ ತಡೆಯೋ ಗ್ಯಾಸ್ಕೆಟ್ಟೇ ಹೋಗಿದೆ."

ಅಲ್ಲೇ ನಿಂತಿದ್ದ ಶಾಂತವೀರಪ್ಪನವರ ಸೊಸೆ ಶೈಲಜಾ ಆ ಹಳದಿ ಕೆಸರನ್ನು ಬಗ್ಗಿ ನೋಡಿದಳು. ಹೋದ ವಾರ ಅಡುಗೆಮನೆಯಿಂದ ಅರಿಶಿನದ ಡಬ್ಬಿ ಒಯ್ದವನು ಅವಳ ಗಂಡ ಪ್ರಸನ್ನ. ಅವನೀಗ ಕಣದ ಅಂಚಿನಲ್ಲಿ ನಿಂತು ಮೊಬೈಲ್ ನೋಡುತ್ತಿದ್ದ. ಅವನು ತಲೆಯೆತ್ತಲಿ ಎಂದು ಕಾದಳು. ಎತ್ತಲಿಲ್ಲ. ಬೋರಯ್ಯನಿಗೂ ಗೊತ್ತಿತ್ತು. ಆದರೆ ಚಿಕ್ಕ ಅಯ್ಯನ ಹೆಸರೆತ್ತುವ ಧೈರ್ಯವಿರಲಿಲ್ಲ.

"ಅಮ್ಮಾವ್ರೆ, ನೀವಾದ್ರೂ ಹೇಳಿ," ಎಂದ.

ಮಾವ ಅವಳತ್ತ ತಿರುಗಿದರು. "ನಮ್ಮನೆ ಅರಿಶಿನವೇನಮ್ಮಾ ಇದು?"

ಸುಳ್ಳೂ ಆಗದ, ನಿಜವೂ ಆಗದ ಒಂದು ಮಾತನ್ನು ಅವಳು ಹುಡುಕಿದಳು. ಅದು ಸಿಕ್ಕಿತು.

"ಅರಿಶಿನ ಎಲ್ಲರ ಮನೆಯಲ್ಲೂ ಇರುತ್ತಲ್ಲ, ಮಾವ."

ಬೋರಯ್ಯ ಟ್ರಾಕ್ಟರ್ ಸೀಟಿನ ಹಿಂದಿನಿಂದ ತನ್ನ ರೇನ್‌ಕೋಟ್ ತೆಗೆದು ನಿಧಾನವಾಗಿ ಮಡಿಸತೊಡಗಿದ.