ಕಟ್ಟಡಕ್ಕೊಂದು ದೃಷ್ಟಿಬೊಟ್ಟು

ಹುಬ್ಬಳ್ಳಿಯಲ್ಲಿ ಕಟ್ಟಡಗಳು ನೆಲದಿಂದ ತಾವಾಗಿಯೇ ಬೆಳೆಯುತ್ತಿದ್ದವು. ಎಳೆಯವು ರಚ್ಚೆ ಹಿಡಿದರೆ ಸಮಾಧಾನ ಮಾಡಲು ಆಯಾಗಳು ಬೇಕಾಗುತ್ತಿದ್ದರು. ಆ ಕೆಲಸ ಕೇಳಿಕೊಂಡು ಊರಿನಿಂದ ಬಂದ ನೀಲವ್ವನಿಗೆ ಮೇಸ್ತ್ರಿ ದಾವಲಸಾಬ ಮೂರಂತಸ್ತಿನದೊಂದನ್ನು ತೋರಿಸಿದ.

"ಮುಂಜಾನಿಂದ ಅಳಾಕತ್ತೈತಿ. ಸುಮ್ಮನಾದ್ರ ಕೆಲಸ ನಿಂದು. ಇಲ್ಲಾಂದ್ರ ಊರ ಬಸ್ ಹತ್ತವ್ವಾ."

ನೀಲವ್ವ ಲಾಲಿ ಹಾಡಿದಳು, ಗೋಡೆ ತಟ್ಟಿದಳು. ಅಳು ನಿಲ್ಲಲಿಲ್ಲ. ಅಷ್ಟರಲ್ಲಿ ದಾರಿಹೋಕನೊಬ್ಬ, "ಅಬ್ಬಾ, ವಾರದಾಗ ಎಷ್ಟ್ ಬೆಳದೈತಿ!" ಎಂದ. ಅಳು ಇನ್ನೂ ಜೋರಾಯಿತು.

"ಅಯ್ಯ, ಕೂಸಿಗೆ ಕಣ್ಣ ತಾಗೇತಿ!" ಎನ್ನುತ್ತ ನೀಲವ್ವ ಕಿಟಕಿಯ ಕೆಳಗೆ, ಕೆನ್ನೆಯಂಥ ಜಾಗದಲ್ಲಿ, ಕಾಡಿಗೆಯ ದೊಡ್ಡ ಬೊಟ್ಟಿಟ್ಟಳು. ಕಟ್ಟಡ ಒಮ್ಮೆ ಬಿಕ್ಕಿ ಸುಮ್ಮನಾಯಿತು.

"ನಾಳಿಂದ ಬಾರವ್ವಾ. ಉಳಿಯೂದೆಲ್ಲಿ?"

"ಜಾಗ ಹುಡುಕಬೇಕ್ರಿ ಅಣ್ಣಾ," ಎಂದು ಅವಳು ತನ್ನ ಗಂಟನ್ನು ಎತ್ತಿಕೊಂಡಳು.

ಕಟ್ಟಡ ಹೋ ಎಂದು ಅತ್ತಿತು. ಅವಳು ಗಂಟನ್ನು ಕೆಳಗಿಟ್ಟಳು. ಅಳು ನಿಂತಿತು.

"ಹುಡುಕೂದೇನ್ ಬಂತು?" ಎಂದು ದಾವಲಸಾಬ ನಕ್ಕ.