ಶನಿಯ ಡಬ್ಬ

ಚೀಲವನ್ನು ಅವಳು ಮೇಜಿನ ಮೇಲೆ ಬೋರಲು ಹಾಕಿದಳು. ಬಾಟಲಿ ಮುಚ್ಚಳ, ಚಾಕೊಲೇಟ್ ಕಾಗದ, ಹರಿದ ಬಸ್ ಟಿಕೆಟ್, ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಚೂರು, ಅಂಗಿಯ ಗುಂಡಿ ಎಲ್ಲ ಟೀ ಲೋಟಗಳ ನಡುವೆ ಚೆಲ್ಲಿದವು.

“ಇಷ್ಟೂ ಶನಿಯ ಡಬ್ಬದಲ್ಲಿತ್ತು. ಯಾರದು, ಹೇಳಿ.”

ಸಂಘದ ಕೋಣೆಯಲ್ಲಿದ್ದವರು ತಂತಮ್ಮ ಲೋಟ ಪಕ್ಕಕ್ಕೆ ಸರಿಸಿಕೊಂಡರು.

ಫೋನಿನ ನಕ್ಷೆ ಹಿಡಿದು, ಬಚ್ಚಿಟ್ಟ ಡಬ್ಬಗಳನ್ನು ಹುಡುಕುವವರ ಸಂಘ ಅದು. ಬೆಟ್ಟದ ಕಾಡುರಸ್ತೆಯುದ್ದಕ್ಕೂ ಎಂಟು ಡಬ್ಬ ಅಡಗಿಸಿದವನು ಅವಳ ಗಂಡ. ಕೆಳಗಿನ ಗೇಟಿನ ಬಳಿ, ಬಂಡೆಯ ಮೇಲೆ ಬಳಿದ ಸೂರ್ಯ. ಅಲ್ಲಿಂದ ಕೂಗಳತೆಯಲ್ಲೇ ಬುಧ, ಶುಕ್ರ, ಭೂಮಿ, ಮಂಗಳ. ಉಳಿದವು ಕಾಲು ಸೋಲುವಷ್ಟು ದೂರ ದೂರ. ಆಕಾಶದ ಲೆಕ್ಕಕ್ಕೇ ಅಳೆದು ಇಟ್ಟಿದ್ದ. ಡಬ್ಬ ಸಿಕ್ಕವರು ಒಳಗಿನಿಂದ ಒಂದು ವಸ್ತು ತೆಗೆದುಕೊಳ್ಳಬಹುದು, ಬದಲಿಗೆ ತಮ್ಮದೊಂದು ಇಡಬೇಕು. ನಿಯಮ ಅಷ್ಟೇ.

ಕಳೆದ ವರ್ಷ ಶನಿಯ ಡಬ್ಬದ ಮುಚ್ಚಳ ಬದಲಿಸಲು ಹೋದವನನ್ನು ಅದೇ ತಿರುವಿನಲ್ಲಿ ಯಾವುದೋ ಗಾಡಿ ಹೊಡೆದು ಹೋಗಿತ್ತು. ಯಾವ ಗಾಡಿ ಎಂದು ಪೊಲೀಸರಿಗೆ ಇವತ್ತಿಗೂ ತಿಳಿದಿಲ್ಲ. ಡಬ್ಬಗಳನ್ನು ಈಗ ಅವಳೇ ನೋಡಿಕೊಳ್ಳುತ್ತಾಳೆ.

“ಸತ್ತವನ ಡಬ್ಬ ಅಂತಾದರೂ ಮರ್ಯಾದೆ ಬೇಡ್ವಾ? ನಿಮ್ಮ ಮನೆಗಳಲ್ಲಿ ಕಸದಬುಟ್ಟಿ ಇಲ್ವಾ?”

“ಶನಿ ಕಾಟ ಅಂದ್ರೆ ಇದೇ ನೋಡು,” ಎಂದು ಗಡ್ಡದವನೊಬ್ಬ ಪಕ್ಕದವನಿಗೆ ಪಿಸುಗುಟ್ಟಿದ.

“ನಿನಗಿನ್ನೂ ಹಿಡಿದಿಲ್ವಲ್ಲ, ಸುಮ್ನೆ ಟೀ ಕುಡಿ,” ಎಂದಳು.

ಅಧ್ಯಕ್ಷರು ಎದ್ದು ಅವಳಿಗೆ ಕುರ್ಚಿ ಸರಿಸಿದರು. ಗಂಡನ ಹಳೆಯ ಗೆಳೆಯ. ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಮೊದಲಿಗರು.

“ಕೂತ್ಕೋ ತಂಗಿ. ಹೊಟ್ಟೆಯಲ್ಲಿರೋ ಬೆಂಕೀನ ನಮ್ಮ ಮೇಲೆ ಕಾರಬೇಡ. ನಾನಂತೂ ಇಷ್ಟು ವರ್ಷದಲ್ಲಿ ಒಂದು ತೆಗೆದು ಒಂದು ಇಡದೆ ಡಬ್ಬ ಮುಚ್ಚಿದವನಲ್ಲ.”

ಅದು ನಿಜ. ಅವರ ಜೇಬಿನಲ್ಲಿ ಸದಾ ನೀಲಿ ಗಾಜಿನ ಗೋಲಿಗಳು. ಅವರು ಏನಾದರೂ ತೆಗೆದುಕೊಂಡ ಡಬ್ಬದಲ್ಲೆಲ್ಲ ಒಂದೊಂದು ಗೋಲಿ. ‘ಗೋಲಿ ಗುರು’ ಎಂದು ಗಂಡ ರೇಗಿಸುತ್ತಿದ್ದ.

“ನನ್ನ ಮಾತು ಕೇಳು,” ಅವರು ದನಿ ತಗ್ಗಿಸಿದರು. “ಆ ಡಬ್ಬಗಳನ್ನ ತೆಗೆದುಬಿಡೋಣ. ಆ ತಿರುವಿಗೆ ನೀನು ಮತ್ತೆ ಮತ್ತೆ ಹೋಗೋದು ನೋಡಕ್ಕಾಗಲ್ಲ. ನನಗೇ ಆ ರಸ್ತೆ ಸಾಕಾಗಿ ಜೀಪು ಮಾರಿಬಿಟ್ಟೆ.”

“ನೀವು ಜೀಪು ಮಾರಿದ್ರಿ ಅಣ್ಣ. ನಾನೇನು ಮಾರಲಿ?”

ಅವಳು ಕಸವನ್ನು ಒಂದೊಂದಾಗಿ ಎತ್ತಿ ತೋರಿಸುತ್ತಾ ಚೀಲಕ್ಕೆ ಹಾಕಿದಳು.

“ಇದನ್ನೆಲ್ಲ ನಾಳೆ ಅಲ್ಲೇ ಇಟ್ಟು ಬರ್ತೀನಿ. ಯಾರದೋ ಅವರೇ ಬಂದು ತಗೊಂಡು ಹೋಗಲಿ. ಭಾನುವಾರದವರೆಗೆ ಕಾಯ್ತೀನಿ. ಆಮೇಲೆ ಉಳಿದದ್ದನ್ನ ಪೊಲೀಸರ ಮೇಜಿನ ಮೇಲೆ ಸುರೀತೀನಿ.”

“ಚಾಕೊಲೇಟ್ ಕಾಗದಕ್ಕೆ ಪೊಲೀಸಾ?” ಎಂದ ಗಡ್ಡದವನು. ಕೋಣೆ ನಕ್ಕಿತು. ಅಧ್ಯಕ್ಷರು ಮಾತ್ರ ನಗಲಿಲ್ಲ. ಪಾಪ ಎಂಬಂತೆ ತಲೆಯಾಡಿಸಿದರು.

ಬಾಗಿಲು ದಾಟುವಾಗ ಹಿಂದಿನಿಂದ ಮಾತು ಕೇಳಿಸಿತು. “ಗಂಡ ಹೋದ ಮೇಲೆ ತಲೆ ಸರಿಯಿಲ್ಲ.” ಅವಳು ಬಾಗಿಲನ್ನು ಗೋಡೆ ಅದುರುವಂತೆ ಎಳೆದುಕೊಂಡಳು.

ಭಾನುವಾರ ಒಬ್ಬಳೇ ಬೆಟ್ಟ ಹತ್ತಿದಳು. ಮಂಗಳನನ್ನು ದಾಟಿದಳು, ಗುರುವನ್ನು ದಾಟಿದಳು. ತಿರುವಿನಲ್ಲಿ ಮರದ ಬೇರಿನಡಿ ಕೈ ಹಾಕಿ ಡಬ್ಬ ಎಳೆದಳು. ಉಗುರು ಕೊಟ್ಟು ಮುಚ್ಚಳ ಎಬ್ಬಿಸಿದಳು.

ಬಾಟಲಿ ಮುಚ್ಚಳ ಇತ್ತು. ಕಾಗದ, ಟಿಕೆಟ್, ಗುಂಡಿ ಇದ್ದವು. ನಾಚಿಕೆಪಟ್ಟು ತನ್ನ ಕಸ ಒಯ್ಯಲು ಒಬ್ಬನೂ ಬಂದಿರಲಿಲ್ಲ.

ಕಿತ್ತಳೆ ಚೂರು ಇರಲಿಲ್ಲ.

ಅದನ್ನು ಯಾರೂ ಬಿಟ್ಟುಹೋದದ್ದಲ್ಲ. ತನ್ನ ಸ್ಕೂಟರಿನ ಇಂಡಿಕೇಟರಿಗೆ ಅವಳೇ ಸುತ್ತಿಗೆಯಿಂದ ಹೊಡೆದು, ಗಾಡಿ ಹೊಡೆದ ದಿನ ಗಂಡ ತೊಟ್ಟಿದ್ದ ಸ್ವೆಟರಿನ ಉಣ್ಣೆಯಲ್ಲಿ ಸಿಕ್ಕಿಕೊಂಡಿದ್ದ ಚೂರಿನಂಥದ್ದೇ ಒಂದನ್ನು ಒಡೆದು ತೆಗೆದಿದ್ದಳು. ನಿಜವಾದ ಚೂರು ಮನೆಯ ಬೀರುವಿನಲ್ಲಿ ಭದ್ರವಾಗಿತ್ತು.

ಡಬ್ಬವನ್ನು ಓರೆ ಮಾಡಿದಳು. ಕಸದಡಿಯಿಂದ ಒಂದು ನೀಲಿ ಗೋಲಿ ಉರುಳಿಬಂತು.